ಜನಾನಾ ಸೀಟಿನಿಂದ ಕಂಡ ಕಾಯಿಲೆ

ಎಂಬತ್ತರ ದಶಕದ ಆರಂಭ. ನಾನು ಹುಮನಾಬಾದಿನ ಸರ್ಕಾರಿ ಆಸ್ಪತ್ರೆಯಲ್ಲಿ ಲೇಡಿ ಡಾಕ್ಟರ್. ಬಸವಕಲ್ಯಾಣದ ಬಟ್ಟೆ ವ್ಯಾಪಾರಿ ಶರಣಪ್ಪ ಹೆಂಡತಿ ಕಲಾವತಿಯನ್ನು ಕರೆತಂದ. ಬ್ಲೇಡಿನಿಂದ ಕೈ ಕೊಯ್ದುಕೊಂಡಿದ್ದಳು. ಹಳೆಯ ಗಾಯದ ಗೆರೆಗಳೂ ಇದ್ದವು. ನಾನು ಹೊಲಿಗೆ ಹಾಕುತ್ತಿದ್ದರೆ ಆ ಪುಣ್ಯಾತ್ಮನ ಕಣ್ಣು ನನ್ನ ಪೆನ್ನಿನ ಮೇಲೆ.

"ಹುಚ್ಚಿ ಅಂತ ಸರ್ಟಿಫಿಕೇಟ್ ಬರದ್ ಕೊಡ್ರಿ ಬಾಯಾರ. ಟಾಕೀಸಿನ್ಯಾಗ ಪಿಚ್ಚರ್ ನಡದದಲ್ರಿ, ಅದ್ರಾಗಿನ ಹೆಣ್ಣು ಇದ್ದಂಗೇ ಅದಾಳ್ರಿ ಇಕಿ."

ಕಾಗದ ಸಿಕ್ಕರೆ ಅವಳನ್ನು ಮುಡಬಿಯ ತವರಿಗೆ ಅಟ್ಟಿ ಇನ್ನೊಬ್ಬಳನ್ನು ತರುವ ಹುನ್ನಾರ. ನನಗೆ ಮೈಯೆಲ್ಲ ಉರಿಯಿತು. ಆದರೂ ಮರುದಿನ ಆ ಪಿಚ್ಚರಿಗೆ ಹೋದೆ.

ಆ ಟಾಕೀಸಿನಲ್ಲಿ ಹೆಂಗಸರಿಗೆ ಬೇರೆ ಜನಾನಾ ಸೀಟು, ನಡುವೆ ಬಟ್ಟೆಯ ಪರದೆ. ನಾಯಕ ಬಿಟ್ಟು ಹೊರಟಾಗ ನಾಯಕಿ ಕಾಲು ಹಿಡಿದಳು, ಬೈದಳು, ಬಾಗಿಲ ಕಡೆ ನೋಡಿ ಬ್ಲೇಡು ತೆಗೆದಳು. ಗಂಡಸರ ಕಡೆಯಿಂದ ಸೀಟಿ, ನಗು. ನಮ್ಮ ಕಡೆ ಒಬ್ಬಳೂ ನಗಲಿಲ್ಲ. ಕೊನೆಗೆ ಅವಳನ್ನು ಕೊಲೆಗಾತಿ ಮಾಡಿ ಸಾಯಿಸಿದರು. ಥೂ, ಇವರ ಬುದ್ಧಿಗಿಷ್ಟು!

ವಾರ್ಡಿಗೆ ಬಂದು ಕಲಾವತಿಯನ್ನು ಕೇಳಿದೆ: "ಯಾವಾಗ ಕೊಯ್ಕೋತಿ?"

"ಅವ್ರು ಸೋಲಾಪುರಕ್ಕ ಮಾಲ್ ತರಾಕ ಹೊಂಟಾಗ್ರಿ. ಯಾವಾಗ ಬರ್ತೀರಿ ಅಂದ್ರ ಹೇಳಂಗಿಲ್ಲ. ಮನ್ಯಾಗಿದ್ರ ದೇವರಂಗ ಕಾಣಸ್ತಾರ, ಹೊಸ್ತಿಲಾ ದಾಟಿದ್ರ ಕೊಂದ ಹಾಕ್ಲೇನು ಅನಸ್ತದ."

ಇದಕ್ಕೆ ಬಾರ್ಡರ್‌ಲೈನ್ ಪರ್ಸನಾಲಿಟಿ ಡಿಸಾರ್ಡರ್ ಎನ್ನುತ್ತಾರೆ. ತನ್ನವರು ಬಿಟ್ಟುಹೋಗುತ್ತಾರೆಂಬ ತಡೆಯಲಾರದ ಭಯ; ಅದರ ಬೆನ್ನಿಗೇ ಸಿಟ್ಟು, ತನ್ನ ಮೈಗೇ ಗಾಯ. ಜನ ಹೇಳುವ ಹುಚ್ಚಲ್ಲ. ಸಿನಿಮಾ ಸಿಟ್ಟನ್ನು ತೋರಿಸಿತು, ಭಯವನ್ನು ನುಂಗಿತು.

ಶರಣಪ್ಪನಿಗೆ ಹೇಳಿದೆ: "ಹೋಗೂಮುಂದ ಯಾವಾಗ ಬರ್ತೀನಂತ ಹೇಳು. ಹೇಳಿದ ಹೊತ್ತಿಗಿ ಬಾ."

"ನಾ ಏನ್ ಆಕಿ ನೌಕರ ಏನ್ರಿ?"

"ಸರ್ಟಿಫಿಕೇಟ್ ಕೊಡಂಗಿಲ್ಲ. ಎದ್ದ್ ನಡಿ!"

ಬೇರೆ ಯಾರಿಂದಲೋ ಬರೆಸಿಕೊಂಡ, ಇನ್ನೊಂದು ಮದುವೆಯಾದ. ಕಲಾವತಿ ಮುಡಬಿಯಿಂದ ಬಸ್ಸು ಹತ್ತಿ ಸಂತೆಯ ದಿನ ನನ್ನ ಬಳಿ ಬರತೊಡಗಿದಳು. ಅವಳಿಗೆ ಒಂದು ವಾರ ನಾನು ತಾಯಿ, ಇನ್ನೊಂದು ವಾರ ದುಷ್ಟೆ. "ಮುಂದಿನ ಸಂತಿಗಿ ಇಲ್ಲೇ ಇರ್ತೀನಿ" ಎನ್ನುತ್ತಿದ್ದೆ, ಹಾಗೇ ಇರುತ್ತಿದ್ದೆ.

ಕೆಲವು ವರ್ಷಗಳ ಮೇಲೆ ನನಗೆ ವರ್ಗವಾಯಿತು. ಹೊರಡುವ ಬಹಳ ಮೊದಲೇ ಅವಳಿಗೆ ಹೇಳಿದೆ. ಬಾಯಿಗೆ ಬಂದಂತೆ ಬೈದಳು, ಬಾಗಿಲವರೆಗೆ ಹೋಗಿ ತಿರುಗಿ ಬಂದಳು. ರವಿಕೆಯ ತೋಳು ಸರಿಸಿ ಎರಡೂ ಕೈ ನನ್ನ ಮುಂದೆ ಚಾಚಿದಳು. ಹಳೆಯ ಗೆರೆಗಳಷ್ಟೇ ಇದ್ದವು.

"ಹೇಳಿ ಹೊಂಟೀರಲ್ರಿ ಬಾಯಾರ," ಎಂದಳು. "ಹೋಗ್ರಿ."

ಇಂಥವರನ್ನು ಕೊನೆಯ ರೀಲಿನಲ್ಲಿ ಕೊಲ್ಲುವ ಸಿನಿಮಾದವರ ಮೇಲಿನ ನನ್ನ ಸಿಟ್ಟು ಇಂದಿಗೂ ಇಳಿದಿಲ್ಲ. ಹೇಳಿ ಹೋಗುವುದೂ ಚಿಕಿತ್ಸೆಯೇ ಎಂದು ನನಗೆ ಈ ಕೆಲಸ ಕಲಿಸಿತು.