ಓರಗಿತ್ತಿಯ ಕೊಬ್ಬರಿಗೆ ದೃಷ್ಟಿ ತೆಗೆದದ್ದು

ವರ್ಷವಿಡೀ ಅಟ್ಟದಲ್ಲಿ ಒಣಗಿದ ತೆಂಗಿನಕಾಯಿ ಇಳಿಸಿ ಒಡೆದಾಗ, ಪಕ್ಕದ ಮನೆಯಲ್ಲಿರುವ ನನ್ನ ಓರಗಿತ್ತಿಗೆ ಒಂದೊಂದೂ ಇಡೀ ಉಂಡೆ ಕೊಬ್ಬರಿಯಾಗಿಯೇ ಬಂತು. ನಮ್ಮದರಲ್ಲಿ ಅರ್ಧಕ್ಕರ್ಧ ಕೊಳೆತಿತ್ತು. ಅವಳು ಫೋನಿಗೆ ಕಳಿಸಿದ ಕೊಬ್ಬರಿ ರಾಶಿಯ ವಿಡಿಯೋವನ್ನು ಮತ್ತೆ ಮತ್ತೆ ನೋಡುತ್ತಿದ್ದೆ. ಕಾಲೇಜಿಗೆ ಹೋಗುವ ಮಗಳು ನಕ್ಕಳು.

"ವಿಡಿಯೋ ಅಂದ್ರೆ ಲ್ಯಾಟಿನ್ ಭಾಷೇಲಿ 'ನೋಡ್ತೀನಿ' ಅಂತ ಕಣಮ್ಮ. ಅದಕ್ಕೆ 'ಇನ್' ಸೇರಿಸಿ 'ಇನ್ವಿಡಿಯೋ' ಅಂದ್ರೆ ಹೊಟ್ಟೆ ಉರ್ಕೊಂಡು ನೋಡ್ತೀನಿ ಅಂತ. ನೀನೀಗ ನೋಡ್ತಿರೋದು ಎರಡನೇದು."

"ಸುಮ್ನಿರೇ" ಎಂದೆ. ಅಷ್ಟರಲ್ಲಿ ಓರಗಿತ್ತಿಯೇ ಬಂದಳು. "ಅಕ್ಕಾ, ರಾಶಿ ನೋಡಿದೋರೆಲ್ಲ ಕಣ್ಣು ಹಾಕವ್ರೆ. ಮನೆಗೆ ದೊಡ್ಡೋಳು, ನೀನೇ ದೃಷ್ಟಿ ತೆಗಿ ಬಾ."

ಹೋಗಿ, ಉಪ್ಪು, ಒಣಮೆಣಸಿನಕಾಯಿ ಹಿಡಿದು ರಾಶಿಗೆ ನಿವಾಳಿಸಿದೆ. ಒಲೆಗೆ ಹಾಕಿದಾಗ ಘಾಟು ಬರದಿದ್ದರೆ ಕಣ್ಣು ಬಿದ್ದಿದೆ ಎಂದೇ ನಮ್ಮಲ್ಲಿ ಲೆಕ್ಕ. ಬಿದ್ದದ್ದು ನನ್ನ ಕಣ್ಣೇ ಆಗಿದ್ದರೆ? ದೇವರೇ, ಕಾಪಾಡು ಎಂದುಕೊಂಡು ಬೆಂಕಿಗೆ ಹಾಕಿದೆ. ಘಾಟಿಗೆ ಇಬ್ಬರೂ ಕೆಮ್ಮಿದೆವು.

"ಯಾರ್ ಕಣ್ಣೂ ಬಿದ್ದಿಲ್ಲ ಬುಡಕ್ಕ" ಎಂದಳು ಓರಗಿತ್ತಿ. ಅಷ್ಟಾದರೂ ದೇವರು ಮಾನ ಉಳಿಸಿದ. ಕಣ್ಣೀರು ಒರೆಸಿಕೊಂಡು ಮತ್ತೆ ಆ ರಾಶಿಯನ್ನೇ ನೋಡಿದೆ. ಒಂದು ಉಂಡೆಯೂ ಒಡೆದಿರಲಿಲ್ಲ.