ಹನ್ನೊಂದು ಮಂದಿಯ ಹೆಸರು ಬರೆದವನು

ನಮ್ಮೂರಿನ ಫುಟ್‌ಬಾಲ್ ಕ್ಲಬ್ಬಿಗೆ ನಾನು ಇಪ್ಪತ್ತಾರು ವರ್ಷ ಕಾರ್ಯದರ್ಶಿಯಾಗಿದ್ದೆ. ಪೋತ್ನಾಳದಿಂದ ಒಳದಾರಿ ಹಿಡಿದರೆ ಸಿಗುವ ಊರು ನಮ್ಮದು. ಸುತ್ತ ಭತ್ತದ ಗದ್ದೆ, ಎರಡು ಅಕ್ಕಿ ಗಿರಣಿ, ಒಂದು ಹೈಸ್ಕೂಲು. ಕಬಡ್ಡಿ ಬಿಟ್ಟರೆ ಬೇರೆ ಆಟ ಗೊತ್ತಿಲ್ಲದ ಊರಿಗೆ ರಾಯಚೂರಿನಿಂದ ವರ್ಗವಾಗಿ ಬಂದ ಡ್ರಿಲ್ ಮಾಸ್ತರೊಬ್ಬರು ಬಲೆಚೀಲದಲ್ಲಿ ಒಂದು ಚೆಂಡು ತಂದರು. ಆರು ವರ್ಷ ಇದ್ದು ಅವರು ಹೋದರು, ಚೆಂಡು ನಮ್ಮಲ್ಲೇ ಉಳಿಯಿತು.

ನಾನು ಒಳ್ಳೆಯ ಆಟಗಾರನಾಗಿರಲಿಲ್ಲ. ಹತ್ತು ವರ್ಷ ಬ್ಯಾಕ್ ಆಡಿದೆನಾದರೂ ನನ್ನನ್ನು ತಂಡದಲ್ಲಿ ಇಟ್ಟುಕೊಂಡದ್ದು ಸೆಂಟರ್ ಹಾಫ್ ಆಡುತ್ತಿದ್ದ ಗೆಳೆಯ. ಒಂದನೇ ಇಯತ್ತೆಯಿಂದ ಒಂದೇ ಮಣೆಯ ಮೇಲೆ ಕೂತವರು ನಾವು. ಅವನು ಗಿರಣಿಯಲ್ಲಿ ಚೀಲ ತೂಗುವ ಕೆಲಸಕ್ಕಿದ್ದ. ನಾನು ಸೊಸೈಟಿಯಲ್ಲಿ ಗುಮಾಸ್ತ. ಅವನು ಹೆಚ್ಚು ಓಡುತ್ತಿರಲಿಲ್ಲ. ಚೆಂಡು ಎಲ್ಲಿಗೆ ಬರುತ್ತದೋ ಅಲ್ಲಿ ಮೊದಲೇ ಹೋಗಿ ನಿಂತಿರುತ್ತಿದ್ದ. ಎದುರಿನವರಿಗೆ ಅದು ಹೇಗೆ ಸಾಧ್ಯವೆಂದು ತಿಳಿಯುತ್ತಿರಲಿಲ್ಲ. ನಾನು ತಪ್ಪು ಮಾಡಿದಾಗೆಲ್ಲ ಬಯಲಿಗೆಲ್ಲ ಕೇಳುವಂತೆ, "ಲೇ, ಕಣ್ಣು ಎಲ್ಲಿ ಇಟ್ಟಿಯಲೇ" ಎಂದು ಕೂಗುತ್ತಿದ್ದ. ಆಟ ಮುಗಿದ ಮೇಲೆ ನನ್ನ ಹೆಗಲ ಮೇಲೆ ಕೈಹಾಕಿಕೊಂಡೇ ಮನೆಗೆ ನಡೆಯುತ್ತಿದ್ದ. ಮುಂದೆ ಅವನ ತಂಗಿಯನ್ನೇ ನಾನು ಮದುವೆಯಾದೆ. ಬೀಗರಾದ ಮೇಲಾದರೂ ಬಹುವಚನ ಕೊಡಬೇಕಪ್ಪಾ ಎಂದು ಅವರವ್ವ ಹೇಳಿದಾಗ ಅವನು ನಕ್ಕು, "ಇಂವಗ ರೀ ಅಂದ್ರ ನನ್ನ ನಾಲಿಗಿ ಹೊಳ್ಳಂಗಿಲ್ಲ ಬೇ" ಎಂದಿದ್ದ.

ಮೊಣಕಾಲು ಕೈಕೊಟ್ಟು ನಾನು ಆಟ ಬಿಟ್ಟಾಗ ನನ್ನ ಕೈಬರಹ ಚೆನ್ನಾಗಿದೆ ಎಂಬ ಒಂದೇ ಕಾರಣಕ್ಕೆ ಕಾರ್ಯದರ್ಶಿ ಮಾಡಿದರು. ಗಿರಣಿ ಸಾಹುಕಾರರು ಅಧ್ಯಕ್ಷರು. ಪ್ರತಿ ಪಂದ್ಯಕ್ಕೂ ಮನೆಯಿಂದ ಕುರ್ಚಿ ತರಿಸಿಕೊಂಡು ಕೂರುತ್ತಿದ್ದರು. ರೆಫರಿ ಸೀಟಿ ಊದಿದಾಗಲೆಲ್ಲ ನನ್ನ ಕಡೆ ಬಾಗಿ, "ಈಗ್ಯಾಕ ಊದಿದಪಾ ಅಂವ?" ಎಂದು ಕೇಳುತ್ತಿದ್ದರು. ಕೊನೆಯವರೆಗೂ ಅವರಿಗದು ಅರ್ಥವಾಗಲಿಲ್ಲ. ಆದರೆ ಒಂದು ಪಂದ್ಯವನ್ನೂ ಅವರು ತಪ್ಪಿಸಲಿಲ್ಲ. ಆಡುವವರ ಹೆಸರು ಆರಿಸುವುದನ್ನು ಅವರು ಪೂರ್ತಿ ನನಗೇ ಬಿಟ್ಟಿದ್ದರು.

ರಾಯಚೂರಿನ ದೊಡ್ಡ ಮೈದಾನದಲ್ಲಿ ನಡೆಯುವ ಟೂರ್ನಮೆಂಟಿನಲ್ಲಿ ನಮ್ಮ ತಂಡ ಮೊದಲ ಬಾರಿಗೆ ಫೈನಲ್ ಮುಟ್ಟಿದ ವರ್ಷ ಗೆಳೆಯನಿಗೆ ಮೂವತ್ತೆಂಟು. ಎದುರಿಗೆ ಕಲ್ಮಲದವರು, ಅವರ ಹುಡುಗರು ಕುದುರೆಯಂತೆ ಓಡುತ್ತಿದ್ದರು. ಸೆಮಿಫೈನಲ್ಲಿನಲ್ಲೇ ನಾನು ನೋಡಿದ್ದೆ. ಚೆಂಡು ಎಲ್ಲಿಗೆ ಬರುತ್ತದೆಂದು ಇವನಿಗೆ ಈಗಲೂ ಗೊತ್ತಾಗುತ್ತಿತ್ತು, ಆದರೆ ಅಲ್ಲಿಗೆ ಹೋಗಿ ಮುಟ್ಟುವಷ್ಟರಲ್ಲಿ ಹೊತ್ತಾಗಿರುತ್ತಿತ್ತು. ಟ್ರ್ಯಾಕ್ಟರ್ ಓಡಿಸುವ ಒಬ್ಬ ಇಪ್ಪತ್ತೆರಡರ ಯುವಕ ಅದೇ ಜಾಗಕ್ಕೆ ತಯಾರಿದ್ದ. ಫೈನಲ್ಲಿನ ಹಿಂದಿನ ದಿನ ಬೆಳಿಗ್ಗೆ ಮನೆಯಲ್ಲಿ ಕೂತು ಹನ್ನೊಂದು ಹೆಸರು ಬರೆದೆ. ಐದನೇ ನಂಬರಿನ ಮುಂದೆ ಗೆಳೆಯನ ಹೆಸರು ಬರೆಯಲಿಲ್ಲ.

ಅವನಿಗೆ ನಾನೇ ಹೋಗಿ ಹೇಳಬೇಕೆಂದು ನಿರ್ಧರಿಸಿದ್ದೆ. ಸಂಜೆ ಅವನ ಮನೆಗೆ ಹೋದೆ. ಕಟ್ಟೆಯ ಮೇಲೆ ಕೂತು ಬೂಟಿಗೆ ಎಣ್ಣೆ ಹಚ್ಚುತ್ತಿದ್ದ. ನನ್ನನ್ನು ಕಂಡು ಸರಿದು ಜಾಗ ಮಾಡಿದ. ಅವನ ಹೆಂಡತಿ ಚಹಾ ತಂದುಕೊಟ್ಟಳು. "ನಾಳಿ ಕಲ್ಮಲದವರ ಆ ಎತ್ತರದವ ಅದಾನಲ್ಲ, ಅವನ್ನ ನಾನು ನೋಡ್ಕೋತೀನಿ. ನೀ ಬಾಯಿ ಬಡ್ಕೋಬ್ಯಾಡ ಲೈನಿನಾಗ ನಿಂತು" ಎಂದ. ಬಟ್ಟಲಿನ ಚಹಾ ಮುಗಿಯುವವರೆಗೆ ನಾನು ಹೂಂ, ಹೂಂ ಎಂದೆ. ಆಮೇಲೆ ಎದ್ದು ಬಂದುಬಿಟ್ಟೆ. ದಾರಿಯಲ್ಲಿ ಎರಡು ಸಲ ಹಿಂದಕ್ಕೆ ತಿರುಗಿ ನಿಂತೆ. ಮತ್ತೆ ಹೋಗಲು ಕಾಲು ಬರಲಿಲ್ಲ.

ಬೆಳಿಗ್ಗೆ ಗಿರಣಿಯ ಮುಂದೆ ಟೆಂಪೋ ನಿಂತಿತ್ತು. ಜರ್ಸಿ ಹಂಚಿಯಾಗಿತ್ತು. ಅವನು ಚೀಲ ಹೆಗಲಿಗೆ ಹಾಕಿಕೊಂಡು ಬಂದಾಗ ಟ್ರ್ಯಾಕ್ಟರಿನವನು ಐದನೇ ನಂಬರು ತೊಟ್ಟು, ತಲೆ ತಗ್ಗಿಸಿ ನಿಂತಿದ್ದ. ಗೆಳೆಯ ಅವನನ್ನು ನೋಡಿದ. ಆಮೇಲೆ ನನ್ನನ್ನು ನೋಡಿದ. ಸಿಟ್ಟಾಗುತ್ತಾನೆ, ಚೀಲ ಬಿಸಾಕುತ್ತಾನೆ, ಎದೆಗೆ ಕೈಹಾಕುತ್ತಾನೆ ಎಂದು ನಾನು ಕಾದೆ. ಅವನು ಹತ್ತಿರ ಬಂದು ಮೆಲ್ಲಗೆ ಹೇಳಿದ: "ನಿನ್ನಿ ಸಂಜಿಮುಂದ ಮನಿಗೆ ಬಂದಿದ್ರಿ. ಚಾ ಕುಡದ್ರಿ."

ಅಷ್ಟೇ. ಹೇಳಿ ಟೆಂಪೋ ಹತ್ತಿ ಕೂತ.

ಆವತ್ತು ಅವನು ನೀರಿನ ಕೊಡ ಹೊತ್ತ. ಹಾಫ್‌ಟೈಮಿನಲ್ಲಿ ಟ್ರ್ಯಾಕ್ಟರಿನವನ ಮುಂದೆ ಕುಕ್ಕರಗಾಲಲ್ಲಿ ಕೂತು, ಎದುರಿನ ಎತ್ತರದವನು ಎಡಕ್ಕೇ ಹೊರಳುತ್ತಾನೆ, ಬಲಕ್ಕೆ ಅವನಿಗೆ ಬರುವುದಿಲ್ಲ ಎಂದು ಬಿಡಿಸಿ ಹೇಳಿದ. ನಾವು ಒಂದು ಗೋಲಿನಿಂದ ಗೆದ್ದೆವು. ಎಲ್ಲರೂ ಕುಣಿದರು, ಸಾಹುಕಾರರು ಕುರ್ಚಿಯಿಂದ ಎದ್ದು ತಲೆಯ ಪಟಕ ಬಿಚ್ಚಿ ಹಾರಿಸಿದರು. ಅವನು ಚಪ್ಪಾಳೆ ಹೊಡೆದ. ಊರಿಗೆ ಬಂದ ಮೇಲೆ ಎಣ್ಣೆ ಹಚ್ಚಿದ ಬೂಟುಗಳನ್ನು ಟ್ರ್ಯಾಕ್ಟರಿನವನಿಗೆ ಕೊಟ್ಟು ಮನೆಗೆ ಹೋದ. ನನ್ನ ನಿರ್ಧಾರ ಸರಿಯಾಗಿತ್ತೆಂದು ಊರೆಲ್ಲ ಹೊಗಳಿತು. ಸೋತಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

ಅಂದಿನಿಂದ ಅವನು ನನಗೆ ಬಹುವಚನ ಬಿಡಲಿಲ್ಲ. ಹಬ್ಬಕ್ಕೆ ಹೆಂಡತಿಯನ್ನು ಕರೆದುಕೊಂಡು ಹೋದರೆ ಬಾಗಿಲಲ್ಲೇ, "ಬರ್ರಿ, ಕುಂದರ್ರಿ" ಎನ್ನುತ್ತಿದ್ದ. ಊಟಕ್ಕೆ ಕೂತರೆ ತಾನೇ ಬಡಿಸುತ್ತ, "ಇನ್ನೊಂದು ಹೋಳಗಿ ಹಾಕ್ಕೋರಿ, ಸಂಕೋಚ ಮಾಡಬ್ಯಾಡ್ರಿ" ಎಂದು ಉಪಚಾರ ಮಾಡುತ್ತಿದ್ದ. ಯಾವುದರಲ್ಲೂ ಕೊರತೆಯಿಲ್ಲ. ನನ್ನ ಮಗಳ ಮದುವೆಯಲ್ಲಿ ಸೋದರಮಾವನಾಗಿ ಮಾಡಬೇಕಾದ್ದನ್ನೆಲ್ಲ ಮುಂದೆ ನಿಂತು ಮಾಡಿದ. ಬಂದವರಿಗೆ ಅದು ಗೌರವದಂತೆ ಕಾಣುತ್ತಿತ್ತು. ನನಗೆ ಮಾತ್ರ ಪ್ರತಿ ಸಲವೂ ಯಾರೋ ಅಪರಿಚಿತರ ಮನೆಗೆ ತಪ್ಪಿ ಬಂದಂತೆ ಅನಿಸುತ್ತಿತ್ತು.

ಒಮ್ಮೆ ಮಾನ್ವಿಯ ಬಸ್ ಸ್ಟ್ಯಾಂಡಿನಲ್ಲಿ ಇಬ್ಬರೇ ಸಿಕ್ಕೆವು. ಧೈರ್ಯ ಮಾಡಿ, "ತಪ್ಪಾತು ನೋಡು ನಂದು" ಎಂದೆ.

"ಯಾತರದ್ದು ತಪ್ಪುರಿ? ತಂಡ ಗೆದ್ದಿತಲ್ರಿ."

"ಮತ್ಯಾಕ ನನ್ನ ಜೋಡಿ ಮೊದಲಿನಂಗ ಮಾತಾಡವಲ್ಲಿ?"

"ಮಾತಾಡಾಕತ್ತೀನಲ್ರಿ" ಎಂದ. ಅವನ ಬಸ್ಸು ಬಂತು, ಹತ್ತಿಕೊಂಡು ಹೋದ.

ಕೆಲವು ವರ್ಷಗಳ ನಂತರ ಅವನ ಮಗ ದೇವದುರ್ಗದಲ್ಲಿ ಕರೆಂಟಿನ ಸಾಮಾನಿನ ಅಂಗಡಿ ಹಾಕಿದ. ಸಂಸಾರ ಅಲ್ಲಿಗೇ ಹೋಯಿತು. ನಾನೂ ನಿವೃತ್ತನಾದೆ, ಕ್ಲಬ್ಬನ್ನು ಬೇರೆಯವರಿಗೆ ಒಪ್ಪಿಸಿದೆ.

ಹೋದ ವರ್ಷ ಈಗಿನ ಹುಡುಗರು ಬಂದು, ಕ್ಲಬ್ಬಿಗಾಗಿ ಆಡಿದವರ, ದುಡಿದವರ ಹೆಸರನ್ನೆಲ್ಲ ಕ್ಲಬ್ಬಿನ ಕೋಣೆಯ ಗೋಡೆಯ ಮೇಲೆ ಬರೆಸಬೇಕು, ಪಟ್ಟಿ ಮಾಡಿಕೊಡಿ ಎಂದರು. ನನ್ನ ಹಳೆಯ ವಹಿಗಳನ್ನು ಗೆದ್ದಲು ತಿಂದಿತ್ತು. ಎಲ್ಲವನ್ನೂ ನೆನಪಿಟ್ಟವನು ಗೆಳೆಯನೊಬ್ಬನೇ. ಫೋನು ಮಾಡಿದಾಗ ಅವನ ಮಗ ಹೇಳಿದ, ಅಪ್ಪನಿಗೆ ಎರಡೂ ಮೂತ್ರಪಿಂಡ ಕೆಟ್ಟಿವೆ, ವಾರಕ್ಕೆರಡು ಸಲ ರಾಯಚೂರಿಗೆ ಡಯಾಲಿಸಿಸ್‌ಗೆ ಕರೆದುಕೊಂಡು ಹೋಗಬೇಕು, ಅಂಗಡಿ ಮುಚ್ಚಿ ಮುಚ್ಚಿ ಸಾಕಾಗಿದೆ ಎಂದು. ತಂಗಿಗೆ ತಿಳಿಸಬೇಡವೆಂದು ಅಪ್ಪನೇ ತಡೆದಿದ್ದನಂತೆ. ದೇವದುರ್ಗದಲ್ಲಿ ಬಸ್ಸು ಹತ್ತಿಸಿಬಿಡು, ರಾಯಚೂರಿನಲ್ಲಿ ನಾನು ಇಳಿಸಿಕೊಳ್ಳುತ್ತೇನೆ ಎಂದೆ.

ಹೀಗೆ ನಾಲ್ಕು ತಿಂಗಳು ಮಂಗಳವಾರ ಮತ್ತು ಶುಕ್ರವಾರ ಅವನ ಹಾಸಿಗೆಯ ಪಕ್ಕದ ಸ್ಟೂಲಿನ ಮೇಲೆ ಕೂತೆ. ಬಹಳ ಸೊರಗಿದ್ದ. ಕೈಗೆ ಎರಡು ನಳಿಗೆ ಹಾಕಿ, ರಕ್ತ ಯಂತ್ರದೊಳಗೆ ಹೋಗಿ ತಿರುಗಿ ಬರುತ್ತಿದ್ದರೆ ಅವನು ಕಣ್ಣು ಮುಚ್ಚಿ ಹೆಸರು ಹೇಳುತ್ತಿದ್ದ, ನಾನು ಬರೆಯುತ್ತಿದ್ದೆ. ಮೊದಲ ಗೋಲ್‌ಕೀಪರ್ ಊರಿನ ಸಿಂಪಿಗ. ಬೆರಳಿಗೆ ಪೆಟ್ಟಾದೀತೆಂದು ಚೆಂಡನ್ನು ಎದೆಯಿಂದಲೇ ತಡೆಯುತ್ತಿದ್ದವನು. "ಬೆರಳು ಹ್ವಾದ್ರ ಊರಿಗೆ ಅಂಗಿ ಹೊಲಿಯೋರು ಯಾರು ಅಂತಿದ್ನರಿ ಅಂವ" ಎಂದು ಹೇಳಿ ಸಣ್ಣಗೆ ನಕ್ಕ. ಬೂಟು ಹಾಕಿದರೆ ಓಡಲಾರದೆ ಬರಿಗಾಲಲ್ಲೇ ಆಡಿದ ಒಬ್ಬ ಕುರುಬರವನು. ಕುರ್ಡಿಯವರ ವಿರುದ್ಧ ಗೋಲು ಹೊಡೆದು, ಮರುದಿನವೇ ಹೆಣ್ಣು ನೋಡಲು ಅದೇ ಕುರ್ಡಿಗೆ ಹೋಗಿ ಬೈಸಿಕೊಂಡವನು. ಸತ್ತವರನ್ನೂ ಊರು ಬಿಟ್ಟವರನ್ನೂ ಅವರವರ ಜಾಗದಲ್ಲೇ ನಿಲ್ಲಿಸಿ ಹೇಳುತ್ತಿದ್ದ.

ಒಂದು ಮಂಗಳವಾರ ಆ ಫೈನಲ್ಲಿನ ವರ್ಷ ಬಂತು. ಹತ್ತು ಹೆಸರು ಹೇಳಿ, ಐದನೇ ನಂಬರಿಗೆ ಟ್ರ್ಯಾಕ್ಟರಿನವನ ಹೆಸರು ಹೇಳಿದ. ನಾನು ಪೆನ್ನು ಹಿಡಿದು ಕೂತೆ.

"ಬರೀರಿ."

"ನಿನ್ನ ಹೆಸರೂ ಬರೀತೀನಿ."

"ಯಾಕರಿ? ನಾನು ಆಡಿಲ್ಲ."

"ನಿನ್ನ ಬಿಟ್ಟು ಹೆಸರು ಬರದದ್ದಕ್ಕಲ್ಲ. ನಿನ್ನ ಮನಿಗೆ ಬಂದು, ನಿನ್ನ ಬಾಜೂ ಕುಂತು, ಹೇಳಲಾರದ ಎದ್ದು ಬಂದ್ನಲ್ಲ, ಅದಕ್ಕ ನಾನು ಇವತ್ತಿಗೂ ಸಂಕಟ ಪಡಾಕತ್ತೀನಿ" ಎಂದೆ.

ನರ್ಸ್ ಬಂದು ಯಂತ್ರ ನೋಡಿ ಹೋದಳು. ಆಮೇಲೆ ಅವನು ಛಾವಣಿ ನೋಡುತ್ತ ಹೇಳಿದ: "ಆವತ್ತು ಹೇಳಿದ್ರ ನಾನು ನಿಮ್ಮ ಜೋಡಿ ಜಗಳಾ ತಗೀತಿದ್ದೆ. ಊರೆಲ್ಲಾ ಕೂಡೋಹಂಗ ಬೈತಿದ್ದೆ. ನಾಕು ದಿನ ಮಾತು ಬಿಡ್ತಿದ್ದೆ. ಐದನೇ ದಿನ ನಾನ ನಿಮ್ಮ ಮನಿಗೆ ಬರ್ತಿದ್ದೆ. ಅಷ್ಟ ಇತ್ತರಿ ಅದು. ಆ ಜಗಳಾನೂ ನೀವು ನನಗ ಕೊಡಲಿಲ್ಲ."

ನಾನು ಅತ್ತೆ. ಅವನು ನಳಿಗೆಯಿಲ್ಲದ ಕೈಯಿಂದ ನನ್ನ ಮಂಡಿ ತಟ್ಟಿ, "ಸಾಕು ಬಿಡ್ರಿ, ಮಂದಿ ನೋಡಾಕತ್ತಾರ" ಎಂದ. ಬಸ್ಸು ಹತ್ತಿಸುವಾಗ ಕಿಟಕಿಯಿಂದ ಕೈ ತೋರಿಸಿದ. ಉಳಿದ ವರ್ಷಗಳನ್ನು ಶುಕ್ರವಾರ ಮುಗಿಸೋಣ ಎಂದ.

ಮನೆಗೆ ಬಂದು ನಡೆದದ್ದನ್ನೆಲ್ಲ ಹೆಂಡತಿಗೆ ಹೇಳಿದೆ. ಅವಳು ಸಜ್ಜೆಯ ರೊಟ್ಟಿ ಬಡಿಯುತ್ತಿದ್ದಳು. ಕೈ ನಿಲ್ಲಿಸಿ, ನನ್ನ ಕಡೆ ತಿರುಗದೆಯೇ ಹೇಳಿದಳು.

"ಅದು ನನಗೂ ಗೊತ್ತಿತ್ತು."

"ಏನು ಗೊತ್ತಿತ್ತು?"

"ನೀವು ಬರದಿಟ್ಟ ಹಾಳಿ ಕಸಾ ಹೊಡಿಯೋ ಮುಂದ ನೋಡಿದ್ದೆ. ಎರಡೆರಡು ಸಲ ಓದಿದೆ, ಅಣ್ಣನ ಹೆಸರು ಇರಲಿಲ್ಲ. ಮಧ್ಯಾಹ್ನ ಶೇಂಗಾದ ಚಟ್ನಿ ಕೊಡಾಕಂತ ಅವನ ಮನಿಗೆ ಹೋಗಿದ್ದೆ. ನಾಳಿ ಮ್ಯಾಚಿಗೆ ಬರ್ತಿಯೇನವ್ವಾ ನೋಡಾಕ ಅಂತ ಕೇಳಿದ. ಬರ್ತೀನಿ ಅಂದೆ. ನೀವು ಹೆಂಗೂ ಸಂಜಿಗೆ ಹೇಳ್ತೀರಂತ ತಿಳಿದು ಸುಮ್ಮನ ಬಂದೆ."

"ಇಷ್ಟು ವರ್ಷ ಒಂದು ಮಾತು ಹೇಳಲಿಲ್ಲಲ್ಲ ನೀ."

"ಹೇಳಿದ್ರ ನನಗೂ ರೀ ಅಂತಿದ್ದ" ಎಂದಳು. ಹಂಚಿನ ಮೇಲಿನ ರೊಟ್ಟಿ ಸೀಯುತ್ತಿತ್ತು; ಇಬ್ಬರೂ ತೆಗೆಯಲಿಲ್ಲ.

ಶುಕ್ರವಾರ ಅವಳೂ ಹೊರಟಳು. ಅಣ್ಣನ ಮುಂದೆ ಹೇಳಿಬಿಡುತ್ತೇನೆ, ಬೈದರೆ ಬೈಯಲಿ ಎಂದಳು. ರಾಯಚೂರಿನ ಬಸ್ ಸ್ಟ್ಯಾಂಡಿನಲ್ಲಿ ದೇವದುರ್ಗದ ಎರಡು ಬಸ್ಸು ಬಂದು ಖಾಲಿಯಾದವು. ಅವನು ಇಳಿಯಲಿಲ್ಲ. ಮೂರನೆಯದಕ್ಕೆ ಕಾಯುತ್ತಿದ್ದಾಗ ಅವನ ಮಗನ ಫೋನು ಬಂತು. ಬೆಳಿಗ್ಗೆ ಜಳಕ ಮಾಡಿ, ವಿಭೂತಿ ಹಚ್ಚಿಕೊಂಡು, ಅಂಗಿ ತೊಡುವಾಗ ಕುಸಿದನಂತೆ, ಮತ್ತೆ ಏಳಲಿಲ್ಲವಂತೆ. ನನ್ನ ಮುಖ ನೋಡಿಯೇ ಅವಳಿಗೆ ತಿಳಿಯಿತು. ಅಲ್ಲೇ ನಿಂತಿದ್ದ ದೇವದುರ್ಗದ ಬಸ್ಸನ್ನು ಹತ್ತಿದೆವು.

ಪಡಸಾಲೆಯಲ್ಲಿ ಅವನನ್ನು ನಮ್ಮ ಪದ್ಧತಿಯಂತೆ ಗೋಡೆಗೆ ಆನಿಸಿ ಕೂರಿಸಿದ್ದರು. ನನ್ನ ಹೆಂಡತಿ ಹೋಗಿ ಅವನ ಕಿವಿಯ ಹತ್ತಿರ ಬಾಗಿ, ಬಹಳ ಹೊತ್ತು ಏನೋ ಹೇಳುತ್ತಲೇ ಇದ್ದಳು. ಹೆಂಗಸರು ಅದನ್ನು ತಂಗಿಯ ಅಳು ಎಂದುಕೊಂಡು ಅವಳ ಬೆನ್ನು ಸವರಿದರು. ಟ್ರ್ಯಾಕ್ಟರಿನವನು ಬಂದಿದ್ದ. ಅವನ ಕೂದಲೂ ಬೆಳ್ಳಗಾಗಿತ್ತು. ನಾನು ಅಂಗಳದಲ್ಲೇ ನಿಂತಿದ್ದೆ. ಗೆಳೆಯನ ಮಗ ಹೊರಗೆ ಬಂದು, "ಒಳಗ ಬರ್ರಿ ಮಾವಾ" ಎಂದು ಕೈಹಿಡಿದ.

ಮುಂದೆ ಕೂತು ಅವನ ಪಾದ ಹಿಡಿದೆ. ನೀರು ತುಂಬಿ ಊದಿಕೊಂಡಿದ್ದವು. ಬಲಗಾಲಿನ ಹೆಬ್ಬೆರಳಿನ ಉಗುರು ಯಾವುದೋ ಪಂದ್ಯದಲ್ಲಿ ಕಿತ್ತು ಹೋಗಿ, ಮತ್ತೆ ಸೊಟ್ಟಗೆ, ಕಪ್ಪಾಗಿ ಬೆಳೆದಿತ್ತು. ಅದು ಯಾವ ಪಂದ್ಯವೆಂದು ನೆನಪಿಸಿಕೊಳ್ಳಲು ನೋಡಿದೆ, ನೆನಪಾಗಲಿಲ್ಲ. ಸ್ವಾಮಿಗಳು ಬಂದರು, ಹೊತ್ತು ಇಳಿಯುತ್ತಿದೆ ಎಂದರು. ಯಾರೋ ನನ್ನ ರೆಟ್ಟೆ ಹಿಡಿದು ಎಬ್ಬಿಸಿದರು.