ರೇವಮ್ಮನವರು ಇಟ್ಟ ಮೂವತ್ತೊಂದು ಹೆಸರು

೧೯೮೬ರಲ್ಲಿ, ಬಿ.ಎಸ್ಸಿ. ಮುಗಿಸಿದ ಮರುವರ್ಷ, ಹೆಬ್ಬೂರು–ಕುಣಿಗಲ್ ರಸ್ತೆಯ ಒಂದು ಆರೋಗ್ಯ ಕೇಂದ್ರದಲ್ಲಿ ನನಗೆ ಅಂಕಿಅಂಶ ಬರೆಯುವ ಕೆಲಸ ಸಿಕ್ಕಿತು. ಐದು ಹಳ್ಳಿಗಳ ಲಸಿಕೆಯ ವಿವರ ತಂದುಕೊಡುತ್ತಿದ್ದವರು ನರ್ಸ್ ರೇವಮ್ಮ. ತುಮಕೂರಿನ ಹತ್ತಿರದ ಕೋರದ ಕಡೆಯವರು, ವಯಸ್ಸು ನಲವತ್ತರ ಆಸುಪಾಸು. ಭುಜಕ್ಕೆ ಐಸಿನ ಡಬ್ಬ, ಕಂಕುಳಲ್ಲಿ ಕೊಡೆ. ದಿನಕ್ಕೆ ಹತ್ತು ಕಿಲೋಮೀಟರ್ ನಡೆಯುತ್ತೇನೆ ಎನ್ನುತ್ತಿದ್ದರು. ಒಮ್ಮೆ ಜೊತೆಗೆ ಹೋಗಿ ಲೆಕ್ಕ ಹಾಕಿದೆ, ಹನ್ನೊಂದೂವರೆ.

ಅವರನ್ನು ಕಾಡುತ್ತಿದ್ದದ್ದು ನಡಿಗೆಯಲ್ಲ, ಫಾರಂ. ಮಗುವಿನ ಹೆಸರಿನ ಕಾಲಂ ಖಾಲಿ ಇದ್ದರೆ ಅದು ತುಮಕೂರಿನಿಂದ ವಾಪಸ್ ಬರುತ್ತಿತ್ತು. ಲಸಿಕೆ ಶುರುವಾಗುವುದು ಮಗುವಿಗೆ ಒಂದೂವರೆ ತಿಂಗಳಾದಾಗ. ಆ ಹಳ್ಳಿಗಳಲ್ಲೋ ಮನೆದೇವರಿಗೆ ಹೋಗಿಬರುವ ತನಕ ಹೆಸರಿಡುತ್ತಿರಲಿಲ್ಲ, ಅದಕ್ಕೆ ವರ್ಷ ಹಿಡಿದರೂ ಹಿಡಿಯಿತು. ಮನೆ ನಂಬರು ಹಿಡಿದು ಹುಡುಕೋಣವೆಂದರೆ, ಗೋಡೆಯ ಮೇಲೆ ಬರೆದಿದ್ದ ನಂಬರುಗಳು ಯುಗಾದಿಯ ಸುಣ್ಣದಡಿ ಸೇರಿದ್ದವು.

ಎರಡು ತಿಂಗಳು ವಾಪಸ್ ಬಂದ ಫಾರಂಗಳು ಮೂರನೆಯ ತಿಂಗಳು ಬರಲಿಲ್ಲ. ಅನುಮಾನದಿಂದ ರಿಜಿಸ್ಟರು ತೆರೆದೆ. ಮೂವತ್ತೊಂದು ಮಕ್ಕಳಿಗೂ ಹೆಸರಿತ್ತು: ಹುಣಸಯ್ಯ, ಬಾವಿಯಮ್ಮ, ತಿಪ್ಪಯ್ಯ, ಒರಳಮ್ಮ...

"ಸಿಸ್ಟರ್, ಇವನ್ನೆಲ್ಲ ಯಾರು ಇಟ್ಟಿದ್ದು?"

"ನಾನೇ ಕಣಪ್ಪ. ಬಾಗ್ಲು ಮುಂದೆ ಏನೈತೋ ಅದೇ ಹೆಸ್ರು. ಫಾರಂಗೂ ಆಯ್ತು, ಮುಂದಿನ್ ಸಲ ಮನೆ ಹುಡ್ಕೋಕೂ ಆಯ್ತು. ತಿಪ್ಪೆ ತಾವ ನಿಂತ್ರೆ ತಿಪ್ಪಯ್ಯ ಸಿಗ್ತಾನೆ."

ನನಗೆ ಅದರಲ್ಲಿ ತಪ್ಪು ಕಾಣಲಿಲ್ಲ. ಕಂಡದ್ದು ಜಿಲ್ಲಾ ಕಚೇರಿಯ ಶಿವರಾಮಯ್ಯನವರಿಗೆ. ಪಟ್ಟಿ ಹಿಡಿದು ಜೀಪಿನಲ್ಲಿ ಬಂದು, ನಮ್ಮಿಬ್ಬರನ್ನೂ ಹತ್ತಿಸಿಕೊಂಡು ಒಂದು ಹಳ್ಳಿಗೆ ಹೋದವರು, ಊರ ಬಾಗಿಲಲ್ಲೇ ಹನುಮಂತಮ್ಮ ಎಂಬ ಅಜ್ಜಿಯನ್ನು ಹುಣಸಯ್ಯನ ಮನೆ ಎಲ್ಲಿ ಎಂದು ಕೇಳಿದರು.

"ಆ ಹೆಸ್ರಿನೋರು ನಮ್ಮೂರಾಗೆ ಯಾರೂ ಇಲ್ಲ ಸ್ವಾಮಿ."

ಅವರು ರೇವಮ್ಮನವರ ಕಡೆ ತಿರುಗಿದರು. "ಇಲ್ಲದ ಮಕ್ಕಳಿಗೆ ಸೂಜಿ ಚುಚ್ಚಿದೀರಲ್ರೀ! ಸಸ್ಪೆಂಡ್ ಆಗ್ತೀರಿ."

ರೇವಮ್ಮ ಹೆಸರಿನ ಗುಟ್ಟು ಹೇಳಿದರು. ಅಧಿಕಾರಿ ನಂಬಲಿಲ್ಲ. "ನೀವು ಜೀಪಲ್ಲೇ ಕೂತಿರಿ. ಹೆಸರು ನೋಡಿ ನಾನೇ ಹುಡುಕ್ತೀನಿ. ಒಂದು ಮಗು ಸಿಗದಿದ್ದರೂ ಆರ್ಡರ್ ಗ್ಯಾರಂಟಿ."

ಪಟ್ಟಿಯಲ್ಲಿ ಆ ಊರಿನವು ಒಂಬತ್ತು ಹೆಸರು. ನಾನು ರಿಜಿಸ್ಟರು ಹಿಡಿದು ಹಿಂದೆ ನಡೆದೆ. ಹುಣಸೆಮರದ ಮನೆಯಲ್ಲಿ ಮಗು ಮಲಗಿತ್ತು. ತಾಯಿಯ ಬಳಿಯಿದ್ದ ಲಸಿಕೆ ಕಾರ್ಡಿನ ತಾರೀಖುಗಳು ರಿಜಿಸ್ಟರಿಗೆ ತಾಳೆಯಾದವು. ಬಾವಿ, ತಿಪ್ಪೆ, ಒರಳು, ಎಲ್ಲವೂ ಸರಿ. ಎಂಟಾದವು. ಒಂಬತ್ತನೆಯ ಹೆಸರು ಮುರುಕೋಡಮ್ಮ.

ಮುರುಕೋಡು ಎಂದರೆ ಕೋಡು ಮುರಿದ ಎಮ್ಮೆಯೇ ಇರಬೇಕು, ಆದರೆ ಅಂಥದ್ದು ಎಲ್ಲೂ ಇರಲಿಲ್ಲ. ಶಿವರಾಮಯ್ಯ ಮೂರು ಬೀದಿ ಸುತ್ತಿ, ಕಟ್ಟಿಹಾಕಿದ್ದ ಪ್ರತಿ ಎಮ್ಮೆಯ ಕೋಡನ್ನೂ ಬಗ್ಗಿ ನೋಡಿದರು. ಒಂದು ಎಮ್ಮೆ ಬಾಲದಿಂದ ಅವರ ಕನ್ನಡಕ ಹಾರಿಸಿತು. ಜೀಪಿನಲ್ಲಿ ರೇವಮ್ಮ ಸೆರಗು ಬಾಯಿಗಿಟ್ಟುಕೊಂಡಿದ್ದರು, ಅಳುವಿಗೋ ನಗುವಿಗೋ ತಿಳಿಯಲಿಲ್ಲ.

ಆಗ ಹನುಮಂತಮ್ಮನೇ ಅಡ್ಡ ಬಂದರು. "ನಮ್ ಮುರುಕೋಡಿನ ಎಮ್ಮೆ ಹುಡುಕ್ತಿದೀರಾ? ಹೋದ್ ತಿಂಗ್ಳು ಗುಬ್ಬಿ ಕಡೆಯೋರಿಗೆ ಮಾರಿದ್ವಲ್ಲ. ಯಾಕ್ ಸ್ವಾಮಿ, ಎಮ್ಮೆ ಮ್ಯಾಲೂ ಕೇಸಾ?"

"ಮನೇಲಿ ಮಗು ಇದೆಯೇನಮ್ಮ?"

"ಐತೆ, ಮೊಮ್ಮಗ್ಳು. ಅವಳ್ನ ಮಾತ್ರ ಮಾರಲ್ಲ ಕಣಪ್ಪ!"

ಕಾರ್ಡು ಬಂತು, ತಾರೀಖುಗಳು ಕೂಡಿದವು. ಶಿವರಾಮಯ್ಯ ಜಗಲಿಯ ಮೇಲೆ ಕೂತು, ಮಕ್ಕಳೆಲ್ಲರೂ ಇದ್ದಾರೆ ಎಂದು ಬರೆದು ಸಹಿ ಹಾಕಿದರು. ಜೀಪಿಗೆ ಮರಳಿ, "ಇನ್ಮೇಲೆ ಕಾಲಿರೋದರ ಹೆಸರು ಇಡಬೇಡ್ರಿ" ಎಂದರು.

ಕೆಲಸ ಉಳಿದ ಮೇಲೆ ರೇವಮ್ಮನವರಿಗೆ ಧೈರ್ಯ ಬಂದಿತ್ತು. "ಫಾರಂನಾಗೆ ಮನೆ ಗುರುತು ಅಂತ ಒಂದ್ ಕಾಲಂ ಹಾಕ್ಸಿ ಸಾರ್. ಆಮೇಲೆ ನಾನ್ಯಾಕೆ ಹೆಸ್ರಿಡ್ಲಿ?"

ಅಧಿಕಾರಿ ಕನ್ನಡಕ ಒರೆಸಿ ಹಾಕಿಕೊಂಡರು.

"ಫಾರಂ ಬೆಂಗಳೂರಲ್ಲಿ ಪ್ರಿಂಟಾಗೋದು ಕಣಮ್ಮ. ಹೆಸರಿಡೋದೇ ಸಲೀಸು."